ಕರೇಕೋಣದ ಗಾಳಿ ಕುಡಿದ ಹನ್ನೆರಡು ಮಂದಿ

೧೯೪೧ನೆಯ ಇಸವಿ ಫೆಬ್ರುವರಿ ಹದಿನೆಂಟು, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಫಕ್ಕೀರವ್ವ ಅಕ್ಕಿಯಲ್ಲಿ ಹರಳು ಬೆರೆಸುತ್ತಿದ್ದಳು. ಅಕ್ಕಿಯಿಂದ ಹರಳು ತೆಗೆಯುವುದು ಅವಳ ಒಂಬತ್ತು ವರ್ಷದ ಉದ್ಯೋಗ. ಬೆರೆಸುವ ಕೆಲಸ ಅಂದೇ ಮೊದಲು. ಮೊರಕ್ಕೆ ಎರಡು ಸೇರು ಅಕ್ಕಿ ಸುರಿದು, ಉಡಿಯೊಳಗಿನ ಬಿಳಿ ಹರಳುಗಳನ್ನು ಒಂದೊಂದಾಗಿ ಎಣಿಸಿ ಹಾಕಿ, ಕೈಯಾಡಿಸಿ ಮಟ್ಟ ಮಾಡುತ್ತಿದ್ದಳು. ಮೊರಕ್ಕೆ ನಲವತ್ತು ಹರಳು. ಎಲ್ಲವನ್ನೂ ವರದಾ ನದಿಯ ಉಸುಕಿನಿಂದ ಆರಿಸಿ ತಂದಿದ್ದಳು. ಬಣ್ಣ ಅಕ್ಕಿಯದು, ಗಾತ್ರವೂ ಅಕ್ಕಿಯದೇ.

ಪಕ್ಕದಲ್ಲಿ ಕೂತಿದ್ದ ಮಾದೇವಿಗೆ ನಗು ತಡೆಯಲಾಗಲಿಲ್ಲ. ಒಂಬತ್ತು ವರ್ಷದಿಂದ ಇಬ್ಬರ ಮೊರಗಳೂ, ಅವರ ಬಾಯಲ್ಲಿ ಮರಗಳು, ಅಕ್ಕಪಕ್ಕ.

"ಯಕ್ಕಾ, ಹರಳು ತಗಿಯಾಕೂ ಕೂಲಿ, ಹಾಕಾಕೂ ಕೂಲಿ. ಸಾವಕಾರ ಎದಿ ಒಡಕೊಂಡು ಸಾಯ್ತಾನ ನೋಡು."

"ಸುಮ್ಮ ಕುಂದ್ರ. ಎಣಿಕಿ ತಪ್ತೈತಿ."

"ನಿಂದು? ನಿನ್ನ ಎಣಿಕಿ ತಪ್ಪಿದ ದಿನ ಸೂರ್ಯಾನೂ ತಪ್ಪತಾನ."

ಸಾವಕಾರ ಪರಮೇಶ್ವರಪ್ಪನ ಅಕ್ಕಿ ಗಿರಣಿ ಅಕ್ಕಿಆಲೂರಿನ ಪೇಟೆ ಮುಗಿಯುವಲ್ಲಿ ೧೯೩೨ರಲ್ಲಿ ಶುರುವಾಗಿತ್ತು. ಅದಕ್ಕೂ ಮುಂಚೆ ಫಕ್ಕೀರವ್ವ ಮನೆಮನೆಗೆ ಹೋಗಿ ಭತ್ತ ಕುಟ್ಟುತ್ತಿದ್ದಳು. ಎಂಜಿನ್ನು ಬಂದು ಒನಕೆಯ ಕೆಲಸ ಹೋಯಿತು. ಆದರೆ ಎಂಜಿನ್ನಿಗೆ ಕಣ್ಣಿರಲಿಲ್ಲ. ಕಣದಿಂದ ಭತ್ತದ ಜೊತೆ ಬಂದ ಹರಳನ್ನು ಅದು ಅಕ್ಕಿಯ ಜೊತೆಗೇ ಹೊರಗೆ ಉಗುಳುತ್ತಿತ್ತು. ಆ ಅಕ್ಕಿಯನ್ನು ಹಸನು ಮಾಡಲು ಹನ್ನೆರಡು ಹೆಂಗಸರು ಬೇಕಾದರು. ದಿನದ ಕೂಲಿ ನುಚ್ಚಿನ ರೂಪದಲ್ಲಿ ಸಿಗುತ್ತಿತ್ತು. ಗಂಡ ಸತ್ತು ಒಂಟಿಯಾಗಿದ್ದ ಫಕ್ಕೀರವ್ವ ಆ ಹನ್ನೆರಡರಲ್ಲಿ ಹಿರಿಯಳು, ಮುಂದಾಳು. ಹೊಟ್ಟು ಹೊರಬೀಳುವ ಬಾಯಿಯ ಹತ್ತಿರ ದೊಡ್ಡ ಕಿಟಕಿಯಿತ್ತು. ಬೆಳಕು ಚೆನ್ನಾಗಿದ್ದುದರಿಂದ ಆ ಜಾಗ ಮುಂದಾಳಿಗೆ ಮೀಸಲು. ಧೂಳೂ ಅಲ್ಲಿಯೇ ಹೆಚ್ಚು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಿರಣಿಯಲ್ಲಿ ಕೆಮ್ಮದವರೇ ಇರಲಿಲ್ಲವಲ್ಲ.

ಅವಳು ಸುಲಭಕ್ಕೆ ಏನನ್ನೂ ನಂಬುವವಳಲ್ಲ. ಗಡಿಗೆ ಕೊಳ್ಳುವಾಗ ಮೂರು ಕಡೆ ಬಡಿದು ನೋಡುವಳು. ಉಪ್ಪಿನ ಚೀಲದ ತಳಕ್ಕೆ ಕೈ ಹಾಕಿ ರುಚಿ ನೋಡುವಳು. ತಂಗಿಯ ಮಗಳಿಗೆ ಹಿರೇಕೆರೂರ ಕಡೆಯ ವರ ಬಂದಾಗ, "ಎಂಟೆಕರೆ ಹೊಲ ಐತಿ" ಎಂಬ ಮಾತು ಕೇಳಿ ಎರಡು ದಿನ ನಡೆದು ಹೋಗಿ ನೋಡಿ ಬಂದಳು. ಹೊಲವೇನೋ ಇತ್ತು, ವರನ ದೊಡ್ಡಪ್ಪನದು. ಅಂದಿನಿಂದ ಊರಿನವರು ಅವಳ ಸಂಶಯಕ್ಕೆ ನಗುವುದನ್ನು ಸ್ವಲ್ಪ ಕಡಿಮೆ ಮಾಡಿದ್ದರು.

ಈಗಿನ ಸಂಶಯದ ಮೂಲ ಹಿಂದಿನ ಡಿಸೆಂಬರದಲ್ಲಿತ್ತು. ಹಾನಗಲ್ಲಿನ ವ್ಯಾಪಾರಿಯೊಬ್ಬ ಹತ್ತು ಚೀಲ ಅಕ್ಕಿ ತಿರುಗಿ ಕಳಿಸಿದ. ಊಟಕ್ಕೆ ಕೂತವರ ಹಲ್ಲಿಗೆ ಹರಳು ಸಿಗುತ್ತಿದ್ದವಂತೆ. ಪರಮೇಶ್ವರಪ್ಪ ಹೆಂಗಸರನ್ನೆಲ್ಲ ನಿಲ್ಲಿಸಿ ಕೇಳಿದ. ಎಲ್ಲರೂ ತಮ್ಮದಲ್ಲವೆಂದರು. ಫಕ್ಕೀರವ್ವನೂ ಅಂದಳು, ಸುಳ್ಳು ಹೇಳುತ್ತಿರುವೆನೆಂಬ ಭಾವನೆ ಎಳ್ಳಷ್ಟೂ ಇಲ್ಲದೆ.

ಜನವರಿ ಕೊನೆಗೆ ಭತ್ತ ಕುದಿಸುವ ಕೊಪ್ಪರಿಗೆ ಬಿರುಕುಬಿಟ್ಟಿತು. ಬೆಸುಗೆ ಹಾಕಲು ಸವಣೂರಿನ ಹುಸೇನಸಾಬ ಬಂದ. ಅವನ ಜೊತೆ ಬೆಸುಗೆಗೆ ಬೇಕಾದ ಆಮ್ಲಜನಕ ತುಂಬಿದ ಕಬ್ಬಿಣದ ಸಿಲಿಂಡರುಗಳೂ ಬಂದವು. ಕಪ್ಪು ಮೈ, ದಪ್ಪ ಕುತ್ತಿಗೆ. ಹೆಂಗಸರು ಅವಕ್ಕೆ ಕರೇಕೋಣ ಎಂದು ಹೆಸರಿಟ್ಟರು. ಜೊತೆಗೆ ಪರಮೇಶ್ವರಪ್ಪನ ಅಕ್ಕನ ಮಗ ಮಲ್ಲೇಶಪ್ಪನೂ ಬಂದ. ಇವನು ಹುಬ್ಬಳ್ಳಿಯಲ್ಲಿ ಅಂಥ ಸಿಲಿಂಡರು ಮಾರುವ ಅಂಗಡಿಯೊಂದರಲ್ಲಿ ಕಾರಕೂನ. ದಿನಾ ಪತ್ರಿಕೆ ಓದುತ್ತಿದ್ದ, ಓದಿದ್ದನ್ನು ಅರ್ಧ ತಿಳಿದುಕೊಳ್ಳುತ್ತಿದ್ದ.

"ಮಾವಾರ, ಯುದ್ಧದಾಗ ವಿಮಾನ ನಡಸೋರು ಇದನ್ನ ಉಸಿರಾಡಿದ್ರ ತಲಿ ಚುರುಕಾಗತೈತಂತ್ರಿ. ಪೇಪರಿನ್ಯಾಗ ಬಂದೈತಿ. ನಮ್ಮ ಹೆಣ್ಣಾಳಿಗೂ ಕೊಡೋಣು. ಹನ್ನೆರಡು ಮಂದಿ ಕೆಲಸ ಆರು ಮಂದಿ ಮಾಡ್ತಾರ. ಒಂದ ಹರಳೂ ಉಳಿಯಂಗಿಲ್ಲ."

ಪತ್ರಿಕೆ ಸುಳ್ಳು ಬರೆದಿರಲಿಲ್ಲ. ಇಪ್ಪತ್ತು ಸಾವಿರ ಅಡಿಯ ಮೇಲೆ ಗಾಳಿ ತೆಳುವಾಗುತ್ತದೆ, ವಿಮಾನದವನ ಮಿದುಳಿಗೆ ಆಮ್ಲಜನಕ ಸಾಲದು. ಸಿಲಿಂಡರಿನದು ಆ ಕೊರತೆಯನ್ನು ತುಂಬುತ್ತದೆ, ಅಷ್ಟೇ. ಅಕ್ಕಿಆಲೂರಿನಲ್ಲಿ ನೆಲದ ಮೇಲೆ ಕೂತ ಹೆಂಗಸಿಗೆ ಅಂಥ ಕೊರತೆ ಇಲ್ಲ. ಗಟ್ಟಿಮುಟ್ಟಾದವರ ರಕ್ತ ಎದೆಯೊಳಗಿನ ಪುಪ್ಪುಸದಿಂದ ಹೊರಡುವಾಗಲೇ ತುಂಬಿದ ಕೊಡದಂತಿರುತ್ತದೆ. ಮೇಲೆ ಎಷ್ಟು ಸುರಿದರೂ ಚೆಲ್ಲಿಹೋಗುವುದೇ ಹೆಚ್ಚು. ಆದರೆ ಇದನ್ನು ಹೇಳುವವರು ಗಿರಣಿಯಲ್ಲಿ ಯಾರೂ ಇರಲಿಲ್ಲ.

ಫಕ್ಕೀರವ್ವನಿಗೆ ಎಲ್ಲದರ ಮೇಲೂ ಅನುಮಾನ. ಗಾಳಿ ಮಾರುವ ಅಂಗಡಿಯವನೇ ಗಾಳಿಯನ್ನು ಹೊಗಳುತ್ತಿದ್ದಾನೆ. ಗಾಂಜಾ ಸೇದಿದವನಿಗೂ ತನ್ನ ತಲೆ ಚುರುಕಾಗಿದೆ ಎಂದೇ ಅನಿಸುತ್ತದೆ. ಅದೂ ಅಲ್ಲದೆ ಈ ಕೋಣಗಳನ್ನು ರೈಲಿನಿಂದ ಇಳಿಸಿದ್ದು ಯಲವಿಗಿಯಲ್ಲಿ.

"ಹಾವೇರಿ ಹತ್ರ ಇರಾಕ ಯಲವಿಗಿಯೊಳಗ ಯಾಕ ಇಳಿಸಿದ್ರಿ? ಯಾರ ಕಣ್ಣಿಗೆ ಬೀಳಬಾರ್ದಂತ?" ಎಂದು ಹುಸೇನಸಾಬನನ್ನು ಕೇಳಿದಳು.

"ನನ್ನ ಬಂಡಿ ಸವಣೂರಾಗ ಇತ್ತಬೇ. ಯಲವಿಗಿ ಸಮೀಪ ಆತು. ಇದರಾಗೂ ಕಳುವು ಕಂಡಿ ಏನ?"

"ಕಂಡಿಲ್ಲ. ಹುಡುಕಾಕತ್ತೇನಿ."

ಮಲ್ಲೇಶಪ್ಪ ಮೊದಲು ತಾನೇ ಒಂದು ಪ್ರಯೋಗ ಮಾಡಿ ತೋರಿಸಿದ. ಮಾದೇವಿಯ ಮೂಗಿಗೆ ರಬ್ಬರಿನ ನಳಿಗೆ ಹಿಡಿಸಿ, ಗಿರಣಿಯ ಮೂವತ್ತು ಮಂದಿ ಸುತ್ತ ನಿಂತಿರುವಾಗ ಹಸನು ಮಾಡಿಸಿದ. ಮಾದೇವಿಯ ಕೈ ಮಗ್ಗದ ಲಾಳಿಯಂತೆ ಓಡಿತು. "ನೋಡ್ರಿ!" ಎಂದ ಮಲ್ಲೇಶಪ್ಪ.

"ಇಷ್ಟು ಗಂಡಸರು ಕಣ್ಣ ಬಿಟಗೊಂಡು ನಿಂತ್ರ ನನ್ನ ಎಮ್ಮೀನೂ ಓಡತೈತಿ," ಅಂದಳು ಫಕ್ಕೀರವ್ವ. "ಸಾವಕಾರ್ರಿ, ನಾ ಒಂದು ಪರೀಕ್ಷಾ ಹೇಳ್ತೇನಿ. ಯಾವುದು ಕೋಣದ ಗಾಳಿ, ಯಾವುದು ಬರೇ ಗಾಳಿ ಅನ್ನೋದು ಕುಡಿಯೋರಿಗೂ ಗೊತ್ತಿರಬಾರ್ದು, ನೋಡೋರಿಗೂ ಗೊತ್ತಿರಬಾರ್ದು."

ಪರಮೇಶ್ವರಪ್ಪ ಕೈಬಿಚ್ಚುವ ಮೊದಲು ಹತ್ತು ಸಲ ಯೋಚಿಸುವ ಮನುಷ್ಯ. ಮಾತು ಅವನಿಗೆ ಹಿಡಿಸಿತು. ಒಂದು ಮಾತು ಮಾತ್ರ ಸೇರಿಸಿದ.

"ಆಗಲಿ. ಆದ್ರ ಗಾಳಿ ಕೆಲಸ ಮಾಡ್ಲಿ, ಬಿಡ್ಲಿ, ಹರಳು ಯಾರ ಮರದಿಂದ ಹೋಗಾಕತ್ತಾವ ಅನ್ನೋದು ನನಗ ಶುಕ್ರವಾರದೊಳಗ ಗೊತ್ತಾಗಬೇಕು. ಗೊತ್ತಾಗಲಿಲ್ಲಂದ್ರ ಆರು ಮಂದೀನ ಮನೀಗೆ ಕಳಿಸಾಂವ. ಯಾರು ಅನ್ನೋದು ಚೀಟಿ ಎತ್ತಿ ನೋಡ್ತೇನಿ."

ಹೀಗೆ ಆರು ಮನೆಗಳ ನುಚ್ಚು ನಲವತ್ತು ಹರಳಿನ ಮೇಲೆ ನಿಂತಿತು.

ಪರೀಕ್ಷೆಯ ಏರ್ಪಾಡು ಸರಳವಾಗಿತ್ತು, ಆದರೆ ಎಲ್ಲೂ ಸಂದಿ ಇರಲಿಲ್ಲ. ಕೊಪ್ಪರಿಗೆಯ ಕೋಣೆಗೂ ಹಸನು ಮಾಡುವ ಅಂಕಣಕ್ಕೂ ನಡುವೆ ಗೋಡೆ. ಗೋಡೆಯ ತೂತಿನಿಂದ ಒಂದೇ ನಳಿಗೆ ಈಚೆ ಬರುತ್ತಿತ್ತು. ಆಚೆ ಹುಸೇನಸಾಬ ಅದನ್ನು ಒಮ್ಮೆ ಸಿಲಿಂಡರಿಗೆ, ಒಮ್ಮೆ ಕಮ್ಮಾರನಿಂದ ತಂದ ಗಾಳಿ ಊದುವ ತಿದಿಗೆ ಜೋಡಿಸುವನು. ತಿದಿಯ ಸಪ್ಪಳದಿಂದ ಗುಟ್ಟು ತಿಳಿಯಬಾರದೆಂದು ಎರಡೂ ಸಲ ತಿದಿ ಒತ್ತಬೇಕು. ಚರ್ಮದ ವಾಸನೆ ತಿಳಿಯಬಾರದೆಂದು ಎರಡೂ ಗಾಳಿ ಒಂದೇ ನೀರಿನ ಬಿಂದಿಗೆಯ ಮೂಲಕ ಹಾಯಬೇಕು. ಯಾವುದು ಮೊದಲು ಎಂಬುದನ್ನು ತೀರ್ಮಾನಿಸಲು ಸೀಳಿದ ಹುಣಸೆಬೀಜ, ಚೌಕಾಬಾರಾ ಆಡುವಾಗ ಹಾಕುತ್ತಾರಲ್ಲ, ಅದು. ಬಿಳಿ ಮಗ್ಗುಲು ಮೇಲೆ ಬಿದ್ದರೆ ಕೋಣ ಮೊದಲು, ಕರಿ ಬಿದ್ದರೆ ತಿದಿ ಮೊದಲು. ಬಿದ್ದದ್ದನ್ನು ಹುಸೇನಸಾಬ ತನ್ನ ಕಡೆಯ ಗೋಡೆಯ ಮೇಲೆ ಸುಣ್ಣದ ಗೀರಿನಿಂದ ಬರೆದಿಡಬೇಕು, ಯಾರಿಗೂ ಹೇಳಬಾರದು. ಇವೆಲ್ಲ ಫಕ್ಕೀರವ್ವನ ಕಟ್ಟಳೆಗಳು. ಹುಸೇನಸಾಬ ತನ್ನದೊಂದು ಕಟ್ಟಳೆ ಸೇರಿಸಿದ.

"ಮೂಗಿಗೆ ಇಡೋ ಆಲಿಕಿ ಹೊಸಾದು ಇರಬೇಕು. ಎಣ್ಣಿ ಮುಟ್ಟಿಸಿದ್ದು ನಡಿಯಂಗಿಲ್ಲ. ತಲೀಗೆ, ಕೈಗೆ ಎಣ್ಣಿ ಹಚಗೊಂಡು ಬರಬ್ಯಾಡ್ರಿ. ಕೋಣಕ್ಕೂ ಎಣ್ಣಿಗೂ ಆಗಿಬರಂಗಿಲ್ಲ, ಭಗ್ಗಂತ ಹತ್ತತೈತಿ."

ನಾಲ್ಕು ದಿನ ಹೆಂಗಸರು ಒಣಗಿದ ಕೂದಲಿನಲ್ಲಿ ಕೆಲಸಕ್ಕೆ ಬಂದರು. ದಿನಕ್ಕೆ ಮೂವರು. ಒಬ್ಬೊಬ್ಬರಿಗೂ ಎರಡು ಮೊರ, ನಡುವೆ ಒಂದು ತಾಸು ಬಿಡುವು. ಗೋಡೆ ಗಡಿಯಾರದ ಪ್ರಕಾರ ಮೊರಕ್ಕೆ ಹನ್ನೆರಡು ನಿಮಿಷ. ಅಷ್ಟರಲ್ಲಿ ನಲವತ್ತೂ ಸಿಗುವುದು ಕಷ್ಟ. ಸಿಕ್ಕ ಹರಳುಗಳನ್ನು ಇದ್ದಿಲಿನ ಗೀರು ಹಾಕಿದ ಹಣತೆಗಳಲ್ಲಿ ಇಡುತ್ತಿದ್ದರು. ಮೊದಲನೆಯ ಮೊರಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು. ಫಕ್ಕೀರವ್ವನಿಗೆ ಬರೆಯಲು ಬಾರದು. ಬರೆದ ಅಂಕಿಯನ್ನು ತಿದ್ದಬಹುದು, ಹರಳನ್ನು ತಿದ್ದಲಾಗದು ಎಂಬುದು ಅವಳ ವಾದವಾಗಿತ್ತು.

ಮಲ್ಲೇಶಪ್ಪನಿಗೂ ಅನುಮಾನ. "ಇವರು ಬೇಕಂತ ಕಡಿಮಿ ಆರಿಸ್ತಾರ ಮಾವಾರ," ಎಂದು ಗೊಣಗಿದ.

"ಯಾವ ಸಲ ಕಡಿಮಿ ಆರಿಸಬೇಕು ಅನ್ನೋದು ಗೊತ್ತಿದ್ರ ಅಲ್ಲೇನ್ರಿ ಆರಿಸೋದು?" ಅಂದಳು ಮಾದೇವಿ. "ನೀವ ಹೇಳ್ರಿ, ಈಗ ನನ್ನ ಮೂಗಿನ್ಯಾಗ ಇರೋದು ಕೋಣೋ, ತಿದಿಯೋ?"

ಮಲ್ಲೇಶಪ್ಪ ಬಗ್ಗಿ ನಳಿಗೆಗೆ ಕಿವಿಗೊಟ್ಟು, ಮೂಸಿ, "ಕೋಣ" ಎಂದ. ಕೊನೆಯ ದಿನ ಗೋಡೆಯ ಗೀರು ನೋಡಿದಾಗ ಅದು ತಿದಿಯಾಗಿತ್ತು.

ಫಕ್ಕೀರವ್ವನ ಸರದಿ ಎಲ್ಲರ ಕೊನೆಗೆ, ಶುಕ್ರವಾರ ಬೆಳಿಗ್ಗೆ. ಅವಳ ಮೊರಗಳಿಗೆ ಹರಳು ಹಾಕಿದವಳು ಮಾದೇವಿ. ಮೊದಲನೆಯ ಮೊರ ಎಂದಿನಂತೆಯೇ ಸಾಗಿತು. ಹನ್ನೆರಡು ನಿಮಿಷ ಮುಗಿದಾಗ ಹಣತೆಯಲ್ಲಿ ಇಪ್ಪತ್ತಾರು ಹರಳು. ಇನ್ನೂ ಹತ್ತು ಸಿಗಬೇಕಿತ್ತಲ್ಲ ಎಂದುಕೊಂಡಳು. ಕಿಟಕಿಗೆ ಮೋಡ ಅಡ್ಡ ಬಂದಿರಬೇಕು, ಇಲ್ಲವೇ ಕಣ್ಣು ಮಂಜಾಗುತ್ತಿರಬೇಕು. ಐವತ್ತರ ಹತ್ತಿರ ಬಂದೆನಲ್ಲ.

ಎರಡನೆಯ ಮೊರದಲ್ಲಿ ಮೊದಲ ಮೂರು ನಿಮಿಷ ಏನೂ ವಿಶೇಷವಿರಲಿಲ್ಲ. ಆಮೇಲೆ ಹರಳುಗಳು ಅಕ್ಕಿಯಿಂದ ಬೇರೆಯಾಗಿ ಕಾಣತೊಡಗಿದವು. ಹೊಳೆಯಲಿಲ್ಲ, ದೊಡ್ಡದಾಗಲೂ ಇಲ್ಲ, ಅಂಚು ಮಾತ್ರ ತಿಳಿಯಿತು. ಒಂದರಿಂದ ಇನ್ನೊಂದಕ್ಕೆ ಬೆರಳು ಹೋಗುವಾಗ ನಡುವೆ ಎಣಿಕೆ ಜಾರಲಿಲ್ಲ. ಎರಡು ವರ್ಷದ ಹಿಂದೆ ದಿನವೂ ಹೀಗೆಯೇ ಇತ್ತಲ್ಲ ಎಂಬುದು ನೆನಪಾಯಿತು. ಹಣತೆಯಲ್ಲಿ ಮೂವತ್ತೆಂಟು.

ಇದು ಅಮಲು ಎಂದು ತೀರ್ಮಾನಿಸಿ ಆಲಿಕೆಯನ್ನು ಕೆಳಗಿಟ್ಟಳು. ಅಮಲು ಇಳಿದ ಮೇಲೆ ಹೇಗಿರುತ್ತದೋ ನೋಡೋಣವೆಂದು ಇನ್ನೊಂದು ಮೊರ ಎಳೆದುಕೊಂಡು ಆರಿಸುತ್ತ ಕೂತಳು. ಹತ್ತು ನಿಮಿಷವಾಗಿರಬಹುದು. ಅಂಚುಗಳು ಒಂದೊಂದಾಗಿ ಕರಗಿ, ಮಂಜು ಕವಿದು ಬಂತು. ಅದು ಬರುವುದನ್ನು ಅವಳು ಕಂಡದ್ದು ಅದೇ ಮೊದಲು. ಬಂದು ನೆಲೆಸಿದ ಮೇಲೆ ಅದು ಅವಳಿಗೆ ದಿನನಿತ್ಯದ ತಲೆಯಂತೆಯೇ ಇತ್ತು.

ನಮ್ಮ ದೇಹದ ತೂಕದಲ್ಲಿ ಮಿದುಳು ಐವತ್ತರಲ್ಲಿ ಒಂದು ಪಾಲು, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಹೊಟ್ಟಿನ ಧೂಳು ತುಂಬಿ ಪುಪ್ಪುಸ ಸೊರಗಿದರೆ, ಏದುಸಿರಿಗಿಂತ ಮೊದಲೇ ಗಮನ ಜಾರಬಹುದು. ಜಾರಿದ್ದನ್ನು ಗುರುತಿಸಬೇಕಾದ್ದೂ ಅದೇ ಮಿದುಳು. ಹಾಗಾಗಿ ತಪ್ಪು ಮಾಡುವವರಿಗೆ ತಾವು ಸರಿ ಇದ್ದೇವೆಂದೇ ಅನಿಸುತ್ತಿರುತ್ತದೆ. ಊರಿನ ಉಪ್ಪು, ಗಡಿಗೆ, ಗಂಡು ಎಲ್ಲವನ್ನೂ ಅನುಮಾನಿಸಿದ ಫಕ್ಕೀರವ್ವ ತನ್ನ ತಲೆಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಎಂಜಿನ್ನು ನಿಂತಿತು. ಎಲ್ಲರೂ ರೊಟ್ಟಿ ಗಂಟು ಬಿಚ್ಚಲು ಬೇವಿನ ಮರದ ಕೆಳಗೆ ಹೋದರು. ಅವಳೊಬ್ಬಳೇ ಇಪ್ಪತ್ತನಾಲ್ಕು ಹಣತೆಗಳ ಮುಂದೆ ಕೂತಳು. ತನ್ನ ಎರಡನೆಯ ಹಣತೆಯಿಂದ ಹನ್ನೆರಡು ಹರಳು ತೆಗೆದು ಮುಷ್ಟಿಯಲ್ಲಿ ಹಿಡಿದಳು. ಈಗ ಎರಡರಲ್ಲೂ ಇಪ್ಪತ್ತಾರು. ಇವತ್ತು ಕಿಟಕಿಗೆ ಮೋಡ ಬಂದು ಕಣ್ಣು ಮಂಜಾಗಿತ್ತು ಎಂದರೆ ಮುಗಿಯಿತು, ಹಾನಗಲ್ಲಿನ ಹರಳೂ ಅವಳದೇ ಎನ್ನಲು ಆಧಾರವಿರದು.

ಮಾದೇವಿ ಯಾವಾಗ ಬಂದು ನಿಂತಳೋ.

"ಮುಷ್ಟ್ಯಾಗ ಎಷ್ಟದಾವ ಯಕ್ಕಾ?"

"ಹನ್ನೆರಡು."

"ನಾ ಅನಕೊಂಡಷ್ಟ ಐತಿ." ಮಾದೇವಿ ಕುಕ್ಕರಗಾಲಿನಲ್ಲಿ ಕೂತಳು. "ಒಂದು ವರ್ಷದಿಂದ ನಿನ್ನ ಮರಾ ನಾ ತಿರಗಾ ನೋಡಾಕತ್ತೇನಿ. ನೀ ನೀರ ಕುಡಿಯಾಕ ಎದ್ದಾಗ, ಚೀಲ ಹೊಲಿಯಾಕ ಹ್ವಾದಾಗ. ದಿನಾ ಹತ್ತು, ಹನ್ನೆರಡು ಸಿಗ್ತಾವ. ಡಿಸೆಂಬರದಾಗ ಮಗಳ ಬಾಣಂತನಕ್ಕ ಹದಿನೈದು ದಿನ ಹ್ವಾದೆ. ಹಾನಗಲ್ಲಿನಿಂದ ಚೀಲ ತಿರುಗಿ ಬಂದ್ವು."

ಫಕ್ಕೀರವ್ವನ ಮುಖ ಕೆಂಪಾಯಿತು. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ದೇನ? ಮಾದೇವಿಗೆ ಮುಂದಾಳ ಆಗೋ ಆಸೆ ಹುಟ್ಟೇತಿ ಅಂತಿದ್ದಿ."

ಅದು ನಿಜವಾಗಿತ್ತು. ಈಗಲೂ ಒಂದು ಕ್ಷಣ ಅದೇ ಸಂಶಯ ಸುಳಿದುಹೋಗಿತ್ತು.

"ಹನ್ನೆರಡು ಹೊರಗ ಒಗದು ಬಿಡು," ಮಾದೇವಿ ದನಿ ತಗ್ಗಿಸಿದಳು. "ನಾ ಬಾಯಿ ಬಿಡಂಗಿಲ್ಲ. ಮುಂದೂ ನಿನ್ನ ಮರಾ ನೋಡಕೋತ ಹೊಕ್ಕೇನಿ."

"ಮತ್ತ ಸಾವಕಾರ ಚೀಟಿ ಎತ್ತಿದ್ರ? ನಿಂದ ಬಂದ್ರ?"

ಫಕ್ಕೀರವ್ವ ಮುಷ್ಟಿಯನ್ನು ಹಣತೆಯ ಮೇಲೆ ತಂದು ಬಿಚ್ಚಿದಳು. ಹರಳು ಒಂದೊಂದಾಗಿ ಟಣ್ ಟಣ್ ಎಂದು ಬಿದ್ದವು. ಬಿದ್ದ ಮೇಲೆ, "ಎಣಿಸಿ ನೋಡು. ಹನ್ನೆರಡೂ ಬಿದ್ದಾವೋ ಇಲ್ಲೋ," ಅಂದಳು. ತನ್ನ ಎಣಿಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲಿರಬೇಕು.

ಮೂರು ಗಂಟೆಗೆ ಎಲ್ಲರೂ ಸೇರಿದರು. ಹುಸೇನಸಾಬ ಗೋಡೆಯ ಗೀರುಗಳನ್ನು ಓದುತ್ತ ಹೋದ, ಪರಮೇಶ್ವರಪ್ಪ ಹಣತೆಯ ಹರಳು ಎಣಿಸುತ್ತ ಬಂದ. ಮಾದೇವಿಗೆ ತಿದಿಯ ಗಾಳಿಯಲ್ಲಿ ಮೂವತ್ತೇಳು, ಕೋಣದ ಗಾಳಿಯಲ್ಲಿ ಮೂವತ್ತಾರು. ಒಟ್ಟು ಐದು ಮಂದಿಗೆ ಕೋಣದ ಸಲ ಒಂದೋ ಎರಡೋ ಹೆಚ್ಚು, ನಾಲ್ವರಿಗೆ ಅಷ್ಟೇ ಕಡಿಮೆ, ಇಬ್ಬರಿಗೆ ಸಮ. ಮಲ್ಲೇಶಪ್ಪನ ಮುಖ ಇಳಿಯುತ್ತ ಹೋಯಿತು. ಕೊನೆಯ ಎರಡು ಹಣತೆ ಎಣಿಸಿದಾಗ ಮತ್ತೆ ಅರಳಿತು.

"ಇಪ್ಪತ್ತಾರಕ್ಕ ಮೂವತ್ತೆಂಟು! ಇದ್ಯಾರದು? ಕೆಲಸ ಮಾಡೇತಿ ನೋಡ್ರಿ ಮಾವಾರ!"

"ನಂದ್ರಿ," ಅಂದಳು ಫಕ್ಕೀರವ್ವ. "ಹನ್ನೊಂದು ಮಂದಿಗೆ ಅದು ಏನೂ ಮಾಡಿಲ್ಲ. ನನಗಷ್ಟ ಮಾಡೇತಿ. ಅಂದ್ರ ಕೊರತಿ ಇವರಾಗಿಲ್ಲ, ನನ್ನಾಗ ಐತಿ. ಎದಿಯೊಳಗ ಏನೋ ಕೆಟ್ಟೈತಿ, ತಲೀಗೆ ಗಾಳಿ ಮುಟ್ಟಾಕತ್ತಿಲ್ಲ. ಹಾನಗಲ್ಲಿಗೆ ಹ್ವಾದ ಹರಳು ನನ್ನ ಮರದ್ವು, ಸಾವಕಾರ್ರಿ."

ಪರಮೇಶ್ವರಪ್ಪ ಹಣತೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ.

"ಹಂಗಾದ್ರ ಇವಳಿಗೊಬ್ಬಳಿಗೆ ದಿನಾ ಕೋಣದ ಗಾಳಿ ಕೊಡೋಣಲ್ಲ?" ಎಂದ ಮಲ್ಲೇಶಪ್ಪ, ಈ ಸಲ ಅಂಗಡಿಯವನ ದನಿಯಲ್ಲಲ್ಲ.

"ಕೋಣ ಖಾಲಿ ಆದ ಮ್ಯಾಲ?" ಅಂದಳು ಅವಳು. "ಕುಡದು ಬಿಟ್ಟ ಹತ್ತು ನಿಮಿಷಕ್ಕ ಮೊದಲಿನಂಗ ಆಕ್ಕೇತ್ರಿ. ನಾ ನೋಡೇನಿ. ಉಳಿದದ್ದು ಕೊಪ್ಪರಿಗಿಗೆ ಇಡ್ರಿ. ಕೊಡೋದಿದ್ರ ಆ ಹೊಟ್ಟಿನ ಬಾಯಿಗೆ ಒಂದು ತಗಡಿನ ಕೊಳವಿ ಮಾಡಿಸಿ ಹೊರಗ ಹಾಯಿಸ್ರಿ. ನನ್ನ ಜಾಗದಾಗ ನಾಳೆ ಮಾದೇವಿ ಕುಂದ್ರಾಕಿ."

ತಗಡಿನ ಕೊಳವೆ ಮೇ ತಿಂಗಳಿಗೆ ಬಂತು, ಹುಸೇನಸಾಬನೇ ಬೆಸುಗೆ ಹಾಕಿದ. ಫಕ್ಕೀರವ್ವ ಅದನ್ನು ನೋಡಲಿಲ್ಲ. ಯುಗಾದಿಗೆ ಮೊದಲೇ ಗೊಟಗೋಡಿಗೆ, ತಂಗಿಯ ಮನೆಗೆ ಹೋಗಿದ್ದಳು. ಅಲ್ಲಿ ಎಂಟು ವರ್ಷ ಬದುಕಿದಳು. ಬಯಲು ಗಾಳಿಗೆ ಕೆಮ್ಮು ಕಡಿಮೆಯಾಯಿತು, ಉಸಿರು ಪೂರ್ತಿ ತಿರುಗಲಿಲ್ಲ. ಎಮ್ಮೆ ಕಟ್ಟುವಳು, ಬೆರಣಿ ತಟ್ಟುವಳು, ತಟ್ಟಿದ ಬೆರಣಿಯನ್ನು ಎಣಿಸಿ, "ನೀನೂ ಒಮ್ಮೆ ಎಣಿಸು" ಎಂದು ತಂಗಿಯನ್ನು ಕರೆಯುವಳು. ಸಂಶಯ ಸಾಯುವವರೆಗೂ ಬಿಡಲಿಲ್ಲ, ಅದರ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿಕೊಂಡಿದ್ದಳು, ಅಷ್ಟೇ. ಮಾದೇವಿ ವರ್ಷಕ್ಕೊಮ್ಮೆ ಒಂದು ಗಂಟು ಹಸನು ಮಾಡಿದ ಅಕ್ಕಿ ಹೊತ್ತು ನೋಡಲು ಬರುತ್ತಿದ್ದಳು. ಬಂದಾಗಲೆಲ್ಲ ಆ ಶುಕ್ರವಾರದ ಕೊನೆಯ ಮಾತನ್ನು ಗೊಟಗೋಡಿಯ ಹೆಂಗಸರಿಗೆ ಹೇಳುವಳು.

ಸಾವಕಾರ ಹಣತೆ ಕೆಳಗಿಟ್ಟನಂತೆ. ಬಾಗಿಲಲ್ಲಿ ನಿಂತಿದ್ದ ಹೆಂಗಸರನ್ನೆಲ್ಲ ಒಮ್ಮೆ ನೋಡಿ, "ನೀನ ಹೇಳಿಬಿಡವಾ ಫಕ್ಕೀರವ್ವ. ನಾಳೆಯಿಂದ ಎಷ್ಟು ಮಂದಿ ಇಟ್ಟುಕೊಳ್ಳಲಿ?" ಎಂದನಂತೆ. ಎಂಜಿನ್ನಿನ ಸದ್ದು ಜೋರಾಗಿತ್ತು. ಆ ಸದ್ದನ್ನೂ ಮೀರಿ ಎಲ್ಲರಿಗೂ ಕೇಳುವಂತೆ, ಒಂದೇ ಉಸಿರಿನಲ್ಲಿ ಅವಳು ಹೇಳಿದಳು:

"ಹನ್ನೊಂದು."